ಕೌದಿ ಕೆಡುವುದು ಹಾಸುವಾಗಲೇ

ಕೌದಿ ಹೊಲಿಯಲು ಕಲಿಯುವವರು ಮೊದಲು ಕೇಳುವುದು ಸೂಜಿಯ ಬಗ್ಗೆ. ಯಾವ ನಂಬರಿನ ಸೂಜಿ, ಯಾವ ದಾರ, ಇಂಚಿಗೆ ಎಷ್ಟು ಹೊಲಿಗೆ? ಅದೆಲ್ಲ ಹೇಳುತ್ತೇನೆ. ಆದರೆ ಇವತ್ತಿನ ಮಾತಿನ ಅರ್ಧವನ್ನು ಸೂಜಿ ಹಿಡಿಯುವ ಮುಂಚಿನ ಕೆಲಸಕ್ಕೇ ಇಟ್ಟಿದ್ದೇನೆ. ಬೆನ್ನಿನ ಕಡೆ ಸುಕ್ಕು ಬಿದ್ದ ಕೌದಿ, ನಡುವೆ ಉಬ್ಬಿದ ಕೌದಿ, ಒಂದು ಮೂಲೆ ಎಳೆದುಕೊಂಡು ಸೊಟ್ಟಗಾದ ಕೌದಿ, ಇವನ್ನೆಲ್ಲ ನೋಡಿದವರು ಹೊಲಿದ ಕೈಯನ್ನು ಬೈಯುತ್ತಾರೆ. ಬಿಚ್ಚಿ ನೋಡಿದರೆ ತಪ್ಪು ನಡೆದದ್ದು ಬಟ್ಟೆ ಆರಿಸುವಾಗ, ನೆಲಕ್ಕೆ ಹಾಸುವಾಗ. ಆಮೇಲೆ ಎಷ್ಟೇ ಚೆಂದ ಹೊಲಿದರೂ ಅದು ಸರಿಹೋಗುವುದಿಲ್ಲ.

ಇದಕ್ಕೆ ಕಾರಣ ನಮ್ಮ ಕೌದಿಯ ಮೈಯಲ್ಲೇ ಇದೆ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ಕೌದಿಗೆ ರಜಾಯಿಯ ಹಾಗೆ ಹತ್ತಿ ತುಂಬುವುದಿಲ್ಲ. ಹಳೆ ಸೀರೆ, ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತೇಪೆ ಜೋಡಿಸಿ, ಎಲ್ಲವೂ ಒಂದಾಗುವಂತೆ ಸಾಲುಸಾಲಾಗಿ ಓಡುಹೊಲಿಗೆ ಹಾಕುತ್ತಾರೆ. ಬಂಗಾಳದ ಕಾಂತಾ, ಬಿಹಾರದ ಸುಜನಿ ಇದೇ ಬಳಗದವು. ನಡುವೆ ಹತ್ತಿ ಇದ್ದರೆ ಅದು ಒತ್ತಿಕೊಂಡು ಸಣ್ಣಪುಟ್ಟ ಸಡಿಲವನ್ನು ನುಂಗಿಬಿಡುತ್ತದೆ. ಬರೀ ಬಟ್ಟೆಯ ಪದರಗಳು ಹಾಗೆ ನುಂಗುವುದಿಲ್ಲ. ಕಾಲು ಇಂಚು ಸಡಿಲ ಎಲ್ಲಿ ಉಳಿಯಿತೋ ಅಲ್ಲಿ ಅದು ಸುಕ್ಕಾಗಿಯೇ ಎದ್ದು ಕೂರುತ್ತದೆ.

ಬಟ್ಟೆಯಿಂದ ಶುರುಮಾಡೋಣ. ಹಳೆ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆ ತೆಳುವಾಗಿ ಬೆಳಕು ಹಾಯುವ ಜಾಗ ಸೊಂಟ, ಕೂರುವ ಭಾಗ ಮತ್ತು ಕೆಳಗಂಚಿನ ಹತ್ತಿರ ಹೆಚ್ಚು. ನೆರಿಗೆಯ ಒಳಗೆ ಉಳಿದ ಭಾಗ ಸಾಮಾನ್ಯವಾಗಿ ಗಟ್ಟಿ. ಸಂಶಯ ಬಂದ ಕಡೆ ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಒಮ್ಮೆ ಎಳೆಯಿರಿ. ಚರ್ ಎಂದರೆ ಆ ಭಾಗ ಒಳಪದರಕ್ಕೂ ಬೇಡ. ಒಳಗಿರುವುದು ಯಾರಿಗೆ ಕಾಣುತ್ತದೆ ಎಂದು ಜೀರ್ಣವಾದ ಬಟ್ಟೆ ತುರುಕುವವರಿದ್ದಾರೆ. ಎರಡು ಒಗೆತಕ್ಕೆ ಆ ಪದರ ಪುಡಿಯಾಗಿ, ಸಾಲುಗಳ ನಡುವೆ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಆಗ ಇಡೀ ಕೌದಿ ಬಿಚ್ಚದೆ ಬೇರೆ ದಾರಿಯಿಲ್ಲ.

ನೂಲಿನ ಬಟ್ಟೆಯ ಜೊತೆ ಪಾಲಿಯೆಸ್ಟರ್ ಬೆರೆಸಬೇಡಿ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಇದ್ದಷ್ಟೇ ಇರುತ್ತದೆ, ಮಿಕ್ಕ ಬಟ್ಟೆ ಉಬ್ಬಿ ಗುಳ್ಳೆಯಾಗುತ್ತದೆ. ಹೊಲಿಯುವಾಗಲೂ ಅದು ಕೈಗೆ ಸಿಗದೆ ಜಾರುತ್ತದೆ. ಇಳಕಲ್ ಸೀರೆಯಲ್ಲೂ ಇದೇ ಎಚ್ಚರ ಬೇಕು. ಅನೇಕ ಸೀರೆಗಳಲ್ಲಿ ಮೈ ಹತ್ತಿ, ಸೆರಗು ಮತ್ತು ಅಂಚು ರೇಷ್ಮೆಯದು. ಕುಗ್ಗುವ ಲೆಕ್ಕ ಎರಡಕ್ಕೂ ಬೇರೆ. ಸೆರಗನ್ನು ಕತ್ತರಿಸಿ ಬೇರೆ ಇಡಿ, ಮೇಲಿನ ತೇಪೆಗೆ ಅದರಷ್ಟು ಚೆಲುವಾದದ್ದು ಸಿಗುವುದಿಲ್ಲ. ಗುಳೇದಗುಡ್ಡದ ಖಣದ ಚೂರುಗಳೂ ಹಾಗೆಯೇ, ನಡುವಿನ ಚೌಕಕ್ಕೆ ಸೊಗಸು.

ಹೊಸ ಬಟ್ಟೆ ಸೇರಿಸುವುದಾದರೆ ಒಗೆದು ಒಣಗಿಸಿಯೇ ಸೇರಿಸಬೇಕು. ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳ ಒಂದು ಮೂಲೆ ಒದ್ದೆಮಾಡಿ, ಬಿಳಿ ಚಿಂದಿಯ ಮೇಲಿಟ್ಟು ಒತ್ತಿ ನೋಡಿ. ಬಣ್ಣ ಹತ್ತಿದರೆ, ಹತ್ತುವುದು ನಿಲ್ಲುವವರೆಗೆ ಒಗೆಯಿರಿ. ನಿಲ್ಲದಿದ್ದರೆ ಆ ಬಟ್ಟೆ ಬಿಟ್ಟುಬಿಡಿ.

ಇನ್ನು ಲೆಕ್ಕ. ಒಬ್ಬರು ಹೊದೆಯುವ ಕೌದಿ 60 ಇಂಚು ಅಗಲ, 84 ಇಂಚು ಉದ್ದ ಎಂದಿಟ್ಟುಕೊಳ್ಳಿ. ಐದೂವರೆ ಮೀಟರಿನ ಸೀರೆ ಸುಮಾರು 216 ಇಂಚು ಉದ್ದ, 45 ಇಂಚು ಅಗಲ. ಅದನ್ನು ಉದ್ದಕ್ಕೆ ಹಾಸಲು ಹೋದರೆ ಬಟ್ಟೆ ಹಾಳು, ಅಡ್ಡ ಹಾಸಬೇಕು. 66 ಇಂಚಿನ 3 ತುಂಡು ಮಾಡಿದರೆ 198 ಇಂಚು ಹೋಗಿ 18 ಇಂಚು ತೇಪೆಗೆ ಉಳಿಯುತ್ತದೆ. ಎರಡು ತುಂಡು ಸೇರಿದರೆ ಒಂದು ಪದರ. ಹೀಗೆ 2 ಸೀರೆಗೆ 6 ತುಂಡು, 3 ಪದರ: ಒಂದು ಬೆನ್ನಿಗೆ, ಎರಡು ಒಳಗೆ. ನಾಲ್ಕನೆಯದು ಮೇಲಿನ ತೇಪೆಯ ಪದರ. ಸೀರೆ 9 ಗಜದ್ದಾದರೆ 4 ತುಂಡು ಬಂದು ಇನ್ನೂ 60 ಇಂಚು ಉಳಿಯುತ್ತದೆ, ಸೆರಗು ತೆಗೆದಿಟ್ಟರೂ ಲೆಕ್ಕ ತಪ್ಪುವುದಿಲ್ಲ. ಮೊದಲ ಕೌದಿಗೆ ನಾಲ್ಕು ಪದರ ಸಾಕು. ಆರು, ಏಳು ಪದರ ಬೆಚ್ಚಗೇನೋ ಇರುತ್ತದೆ, ಆದರೆ ಕಲಿಯುವ ಕೈಗೆ ಸೂಜಿ ಹೊರಳುವುದಿಲ್ಲ.

ಬೆನ್ನಿನ ಪದರದ ಎರಡು ತುಂಡುಗಳನ್ನು ಅರ್ಧ ಇಂಚು ಒಳಗೆ ಹಿಡಿದು ಹೊಲಿದು, 64 ಇಂಚಿಗೆ 88 ಇಂಚು ಕತ್ತರಿಸಿ. ಸುತ್ತಲೂ 2 ಇಂಚು ಹೆಚ್ಚಿರುವುದು ಕೊನೆಗೆ ಮಡಚಿ ಅಂಚು ಮಾಡುವುದಕ್ಕೆ. ಒಳಪದರಗಳು 60ಕ್ಕೆ 84 ಇದ್ದರೆ ಸಾಕು, ಅವನ್ನು ಹೊಲಿದು ಜೋಡಿಸುವುದೂ ಬೇಡ. ಅಂಚಿಗೆ ಅಂಚು ಮುಟ್ಟಿಸಿ ಹಾಸಿದರೆ ಆಮೇಲಿನ ಸಾಲುಗಳೇ ಹಿಡಿದಿಡುತ್ತವೆ. ಒಂದರ ಮೇಲೊಂದು ಏರಿಸಿದರೆ ದಿಂಡು ಎದ್ದು ಮಲಗಿದವರ ಬೆನ್ನಿಗೆ ಒತ್ತುತ್ತದೆ. ಎರಡು ತುಂಡು ಸೇರಿ 90 ಇಂಚು, ಬೇಕಾದದ್ದು 84. ಮಿಕ್ಕ 6 ಇಂಚನ್ನು ಒಂದು ಪದರದಲ್ಲಿ ತಲೆಯ ಕಡೆ ಕತ್ತರಿಸಿ, ಇನ್ನೊಂದರಲ್ಲಿ ಕಾಲಿನ ಕಡೆ. ಆಗ ಒಂದರ ಕೂಡುಗೆರೆ ತಲೆಯಿಂದ 39 ಇಂಚಿಗೆ, ಇನ್ನೊಂದರದು 45ಕ್ಕೆ, ಬೆನ್ನಿನದು ಇವೆರಡರ ನಡುವೆ ಬೀಳುತ್ತದೆ. ಮೂರೂ ಒಂದೇ ಗೆರೆಯಲ್ಲಿ ಬಂದರೆ ಕೌದಿ ಅಲ್ಲಿಯೇ ಮಡಚುತ್ತದೆ, ಮುಂದೆ ಅಲ್ಲಿಯೇ ಹರಿಯುತ್ತದೆ.

ಎಲ್ಲ ಪದರಗಳಲ್ಲೂ ಹಾಸು ಒಂದೇ ದಿಕ್ಕಿಗಿರಲಿ. ನೇಕಾರರ ಹಾಸು (ಮಗ್ಗದ ಉದ್ದದ ಎಳೆ), ಹೊಕ್ಕು (ಅಡ್ಡದ ಎಳೆ) ಎಂಬ ಮಾತು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎರಡೂ ಒಂದೇ ರೀತಿ ಕುಗ್ಗುವುದಿಲ್ಲ, ಒಂದೇ ರೀತಿ ಹಿಗ್ಗುವುದಿಲ್ಲ. ಬಟ್ಟೆಯನ್ನು ಎರಡೂ ಕಡೆಗೆ ಎಳೆದು ನೋಡಿದರೆ ಗೊತ್ತಾಗುತ್ತದೆ: ಹೆಚ್ಚು ಬಿಗಿಯಾಗಿ ನಿಲ್ಲುವುದು ಸಾಮಾನ್ಯವಾಗಿ ಹಾಸಿನ ದಿಕ್ಕು. ಸೀರೆಯಲ್ಲಿ ಅದು ಉದ್ದಕ್ಕೆ ಓಡುತ್ತದೆ.

ಈಗ ಹಾಸುವುದು. ಗುಡಿಸಿ ಒರೆಸಿದ ಗಟ್ಟಿ ನೆಲ ಬೇಕು. ಚಾಪೆ, ಜಮಖಾನದ ಮೇಲೆ ಹಾಸಿದರೆ ಸೂಜಿಗೆ ಅದೂ ಸೇರಿಕೊಳ್ಳುತ್ತದೆ. ಬೆನ್ನಿನ ಪದರವನ್ನು ತಿರುವಿ ಹಾಸಿ, ನಾಲ್ಕು ಮೂಲೆಗೂ ನಾಲ್ಕು ಬದಿಯ ನಡುವಿಗೂ ಕಲ್ಲು, ತಂಬಿಗೆ, ಏನಾದರೂ ಭಾರ ಇಡಿ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಬಟ್ಟೆಯನ್ನು ಜಗ್ಗಿ ಹಾಸುವುದು. ಜಗ್ಗಿದ ಬಟ್ಟೆ ಕಲ್ಲು ಇರುವಷ್ಟು ಹೊತ್ತು ಸಪಾಟಾಗಿ ಕಾಣುತ್ತದೆ. ಕಲ್ಲು ತೆಗೆದ ಕೂಡಲೇ ತನ್ನ ಅಳತೆಗೆ ಮರಳುತ್ತದೆ, ಮೇಲಿನ ಪದರಗಳು ಮರಳುವುದಿಲ್ಲ. ಅಲ್ಲಿಂದ ಬರುವುದೇ ಸುಕ್ಕು. ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ಅಷ್ಟು ಸಾಕು. ನೆಲಕ್ಕೂ ಬಟ್ಟೆಗೂ ನಡುವೆ ಗಾಳಿ ಉಳಿದಿಲ್ಲ, ಆದರೆ ಬೆರಳಿಂದ ಚಿವುಟಿದರೆ ಬಟ್ಟೆ ಸುಲಭವಾಗಿ ಮೇಲೇಳುತ್ತದೆ, ಅದೇ ಹದ. ಒಳಪದರಗಳಿಗೂ, ಜೋಡಿಸಿದ ಮೇಲಿನ ತೇಪೆಯ ಪದರಕ್ಕೂ ಇದೇ ಕ್ರಮ.

ಆಮೇಲೆ ಕಚ್ಚಾ ಹೊಲಿಗೆ. ಬೇಸರದ ಕೆಲಸವೆಂದು ಇದನ್ನು ಬಿಟ್ಟು ನಾಲ್ಕು ಗುಂಡುಪಿನ್ನು ಚುಚ್ಚಿ ಶುರುಮಾಡುವವರ ಕೌದಿ ಹತ್ತನೇ ಸಾಲಿಗೇ ಸೊಟ್ಟಗಾಗುತ್ತದೆ. ಬೇರೆ ಬಣ್ಣದ ದಾರ, ಎರಡು ಇಂಚಿನ ಉದ್ದುದ್ದ ಹೊಲಿಗೆ, ಸಾಲಿನಿಂದ ಸಾಲಿಗೆ ನಾಲ್ಕು ಇಂಚು, ಅಂದರೆ ಒಂದು ಮುಷ್ಟಿಯಗಲ. ನಡುವಿನಿಂದ ಶುರುಮಾಡಿ ಅಂಚಿಗೆ ಹೋಗಿ, ಮತ್ತೆ ನಡುವಿಗೆ ಬಂದು ಇನ್ನೊಂದು ಅಂಚಿಗೆ. ಉದ್ದಕ್ಕೂ ಅಡ್ಡಕ್ಕೂ ಎರಡೂ ಬೇಕು. ಮುಗಿದ ಮೇಲೆ ಇಡೀ ಹಾಸನ್ನು ತಿರುವಿ ಬೆನ್ನನ್ನು ಸವರಿ ನೋಡಿ. ಇಲ್ಲಿ ಕಂಡ ಸುಕ್ಕು ಬಿಚ್ಚಲು ಐದು ನಿಮಿಷ, ಕೊನೆಯಲ್ಲಿ ಕಂಡರೆ ಐದು ದಿನ.

ನಡುವಿನಿಂದ ಹೊರಕ್ಕೆ ಎಂದೆನಲ್ಲ, ಉತ್ತರ ಕನ್ನಡದ ಸಿದ್ದಿ ಹೆಂಗಸರು ಇದಕ್ಕೆ ಸರಿಯಾಗಿ ಎದುರು ಮಾಡುತ್ತಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ಕವಂದಿ ಅಂಚಿನಿಂದ ಶುರುವಾಗಿ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಮುಗಿಯುತ್ತದೆ. ಆದರೂ ಅದರಲ್ಲಿ ಸುಕ್ಕು ನಿಲ್ಲುವುದಿಲ್ಲ. ಇದು ಹೇಗೆ ಎಂದು ಅರ್ಥಮಾಡಿಕೊಂಡರೆ ಕೌದಿಯ ಇಡೀ ಗಣಿತ ಕೈಗೆ ಸಿಗುತ್ತದೆ. ನಾವು ಮೇಲಿನ ಪದರವನ್ನು ಪೂರ್ತಿ ಜೋಡಿಸಿ ಹಾಸಿದಾಗ ಸಡಿಲಕ್ಕೆ ಹೋಗಲು ಇರುವ ದಾರಿ ಹೊರಗಿನ ಅಂಚೊಂದೇ. ಹಾಗಾಗಿ ನಡುವಿನಿಂದ ಹೊರಕ್ಕೆ ತಳ್ಳುತ್ತೇವೆ. ಸಿದ್ದಿಯರು ಮೇಲಿನ ಪದರವನ್ನು ಮೊದಲೇ ಜೋಡಿಸುವುದಿಲ್ಲ. ತೇಪೆಯನ್ನು ಉಗುರಿನಿಂದ ಅಂಚು ಮಡಚಿ, ಇಟ್ಟು, ಅಲ್ಲೇ ಹೊಲಿದು, ಅದರ ಪಕ್ಕಕ್ಕೆ ಮುಂದಿನದನ್ನು ಇಡುತ್ತಾರೆ. ಮುಂದಿನ ತೇಪೆ ಎಲ್ಲಿ ಕೂರಬೇಕೆಂದು ಹೊಲಿದು ಮುಗಿದ ಬಟ್ಟೆಯನ್ನು ನೋಡಿ ನಿರ್ಧಾರವಾಗುತ್ತದೆ. ಸಡಿಲವೆಲ್ಲ ಇನ್ನೂ ಹೊಲಿಯದ ನಡುವಿನ ಕಡೆಗೆ ಸರಿಯುತ್ತಾ ಹೋಗುತ್ತದೆ, ಕೊನೆಯ ತೇಪೆ ಅದನ್ನು ಒಳಗೆ ಹಾಕಿಕೊಳ್ಳುತ್ತದೆ. ನಿಯಮ ಎರಡೂ ಕಡೆ ಒಂದೇ: ಇನ್ನೂ ಹೊಲಿಯದ ಕಡೆಗೆ ಸಡಿಲಕ್ಕೆ ದಾರಿ ಬಿಡಬೇಕು. ಪೂರ್ತಿ ಜೋಡಿಸಿದ ಮೇಲ್ಪದರ ಹಾಸಿ, ಅಂಚಿನಿಂದ ಒಳಕ್ಕೆ ಹೊಲಿದರೆ ಮಾತ್ರ ಕೆಡುತ್ತದೆ. ಎರಡು ಪದ್ಧತಿಗಳನ್ನು ಅರ್ಧರ್ಧ ಬೆರೆಸಿದವರ ಕೌದಿಯ ನಡುವೆ ಬುಟ್ಟಿಯ ಹಾಗೆ ಉಬ್ಬು ಬರುವುದು ಇದಕ್ಕೇ.

ತೇಪೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಅಂಚು ಕಾಲು ಇಂಚು ಒಳಕ್ಕೆ ಮಡಚಿ, ಎಳೆ ಬಿಡುವ ಬಟ್ಟೆಯಾದರೆ ಅರ್ಧ ಇಂಚು. ಬಟ್ಟೆಯ ಓರೆಗೆ ಕತ್ತರಿಸಿದ ತೇಪೆ ಹಿಗ್ಗುತ್ತದೆ, ಹಾಸಿನ ಎಳೆ ಹಿಡಿದು ನೇರಕ್ಕೆ ಹರಿದುಕೊಳ್ಳುವುದೇ ಮೇಲು. ಬಣ್ಣದ ಜೋಡಣೆ ನಿಮ್ಮ ಕಣ್ಣಿಗೆ ಬಿಟ್ಟದ್ದು.

ಸೂಜಿಗೆ ಬರೋಣ. ದಬ್ಬಣ ಗೋಣಿಚೀಲಕ್ಕೆ. ಹಳೆ ಸೀರೆಗೆ ಹಾಕಿದರೆ ಅದು ಎಳೆ ಸರಿಸಿ ಹೋಗದೆ ಎಳೆ ಕಡಿದು ತೂತು ಬಿಡುತ್ತದೆ. ಕೈಸೂಜಿಯ ನಂಬರು ದೊಡ್ಡದಾದಷ್ಟೂ ಸೂಜಿ ಸಣ್ಣದು. ನಾಲ್ಕು ಪದರದ ಕೌದಿಗೆ ಕಸೂತಿ ಸೂಜಿಗಳಲ್ಲಿ 3ರಿಂದ 5ನೇ ನಂಬರು ಸರಿ: ಒಂದೂವರೆ ಇಂಚಿನ ಆಸುಪಾಸು ಉದ್ದ, ದಪ್ಪ ದಾರ ಹಿಡಿಸುವಷ್ಟು ಕಣ್ಣು. ದಾರ ಹತ್ತಿಯದೇ ಇರಲಿ. ಹಳೆ ಬಟ್ಟೆಗಿಂತ ದಾರ ಗಟ್ಟಿಯಾದರೆ, ಎಳೆತ ಬಿದ್ದಾಗ ಹರಿಯುವುದು ಬಟ್ಟೆ. ದಾರ ಹರಿದರೆ ಆ ಸಾಲು ಮತ್ತೆ ಹೊಲಿಯಬಹುದು. ಕಸೂತಿ ಅಂಗಡಿಯ 8ನೇ ನಂಬರಿನ ಪರ್ಲ್ ಕಾಟನ್ ಚೆನ್ನಾಗಿ ಒದಗುತ್ತದೆ.

ದಾರ ಎಷ್ಟು ಬೇಕು? ಸಾಲುಗಳ ನಡುವೆ ಮುಕ್ಕಾಲು ಇಂಚು ಬಿಟ್ಟರೆ 84 ಇಂಚಿಗೆ 112 ಸಾಲು, ಸಾಲಿಗೆ 60 ಇಂಚು, ಒಟ್ಟು 6,720 ಇಂಚು. ಸುಮಾರು 170 ಮೀಟರ್ ಆಯಿತು. ಮೇಲೆ ಕೆಳಗೆ ಹೋಗಿ ಬರುವ ದಾರಿ, ಗಂಟು, ಉಳಿಯುವ ಬಾಲ ಎಲ್ಲ ಸೇರಿಸಿ 250 ಮೀಟರ್ ತಂದಿಟ್ಟುಕೊಳ್ಳಿ. ಹತ್ತು ಗ್ರಾಮಿನ ಉಂಡೆಯಲ್ಲಿ ಸುಮಾರು 80 ಮೀಟರ್ ಇರುತ್ತದೆ, 4 ಉಂಡೆ ಒಂದೇ ಸಲ ಕೊಳ್ಳಿ. ಆಮೇಲೆ ಕೊಂಡದ್ದು ಅದೇ ಬಣ್ಣ ಬರುತ್ತದೆಂಬ ಭರವಸೆಯಿಲ್ಲ.

ಒಮ್ಮೆಗೆ ಒಂದು ಮೊಳ ದಾರ, 18 ಇಂಚು. ಪೋಣಿಸುವ ಬೇಸರಕ್ಕೆ ಮಾರುದ್ದ ಎಳೆದುಕೊಳ್ಳುವವರು ಒಂದು ಲೆಕ್ಕ ನೋಡಬೇಕು. ಮೊಳ ದಾರ ಹದಿಮೂರು ಇಂಚು ಸಾಲಿಗೆ ಬರುತ್ತದೆ. ಇಂಚಿಗೆ 5 ಹೊಲಿಗೆಯಂತೆ ಕಣ್ಣಿನ ಹತ್ತಿರದ ದಾರ ಬಟ್ಟೆಯೊಳಗೆ ಸುಮಾರು 130 ಸಲ ಹಾಯುತ್ತದೆ. ಮೀಟರ್ ದಾರ ಹಾಕಿದರೆ 300ಕ್ಕೂ ಮೇಲೆ. ಅಷ್ಟು ಹೊತ್ತಿಗೆ ಅದು ನಯ ಕಳೆದು, ನವಿರೆದ್ದು, ತಾನೇ ಗಂಟುಬೀಳುತ್ತದೆ. ಉಂಡೆಯಿಂದ ಮೊದಲು ಬಂದ ತುದಿಯನ್ನು ಸೂಜಿಗೆ ಪೋಣಿಸಿ, ಕತ್ತರಿಸಿದ ತುದಿಗೆ ಗಂಟು ಹಾಕಿ. ದಾರ ಸುತ್ತಿಕೊಳ್ಳಲು ಶುರುವಾದರೆ ಸೂಜಿಯನ್ನು ಕೈಬಿಟ್ಟು ನೇತಾಡಿಸಿ, ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ.

ಗಂಟು ಹೊರಗೆ ಕಾಣಬಾರದು. ಶುರುವಾಗುವ ಜಾಗಕ್ಕೆ ಒಂದು ಇಂಚು ದೂರದಲ್ಲಿ ಸೂಜಿಯನ್ನು ಮೇಲಿನ ಪದರದೊಳಗೆ ಮಾತ್ರ ತೂರಿಸಿ ಶುರುವಿನ ಜಾಗದಲ್ಲಿ ತೆಗೆಯಿರಿ, ದಾರವನ್ನು ಮೆಲ್ಲಗೆ ಜಗ್ಗಿ. ಟಕ್ಕೆಂದು ಗಂಟು ಒಳಗೆ ಸೇರುತ್ತದೆ. ಜೋರಾಗಿ ಜಗ್ಗಿದರೆ ಪೂರ್ತಿ ಹೊರಬರುತ್ತದೆ. ಮುಗಿಸುವಾಗಲೂ ಬಟ್ಟೆಯಿಂದ ಕಾಲು ಇಂಚಿನಲ್ಲಿ ಗಂಟು ಹಾಕಿ ಹೀಗೆಯೇ ಒಳಗೆ ಎಳೆದು, ಇಂಚು ದೂರ ತೆಗೆದು ಕತ್ತರಿಸಿ.

ಈಗ ಕೈ. ಬಲಗೈಯ ನಡುಬೆರಳಿಗೆ ದರ್ಜಿಗಳ ಅಂಗುಸ್ತಾನ, ಆ ಲೋಹದ ಟೊಪ್ಪಿಗೆ ಹಾಕಿ. ಎರಡು ದಿನ ಅಡ್ಡಿಯೆನಿಸುತ್ತದೆ, ಆಮೇಲೆ ಅದಿಲ್ಲದೆ ಕೈ ಓಡುವುದಿಲ್ಲ. ಎಡಗೈ ಕೌದಿಯ ಕೆಳಗೆ. ಸೂಜಿಯನ್ನು ನೇರ ನಿಲ್ಲಿಸಿ ಒತ್ತಿ, ಅದರ ಮೊನೆ ಕೆಳಗಿನ ತೋರುಬೆರಳಿಗೆ ತಾಗುತ್ತದೆ. ಚುಚ್ಚುವಷ್ಟು ಬೇಡ, ತಾಗಿದ್ದು ತಿಳಿಯುವಷ್ಟು. ಆ ಸ್ಪರ್ಶವಿಲ್ಲದೆ ಸೂಜಿ ನಾಲ್ಕೂ ಪದರ ದಾಟಿತೋ ಇಲ್ಲವೋ ಹೇಳುವುದು ಸಾಧ್ಯವಿಲ್ಲ. ತಾಗಿದ ಕೂಡಲೇ ಸೂಜಿಯ ಹಿಂಭಾಗವನ್ನು ಬಟ್ಟೆಯ ಕಡೆಗೆ ಮಲಗಿಸಿ, ಕೆಳಗಿನ ಬೆರಳಿಂದ ಬಟ್ಟೆಯನ್ನು ಸ್ವಲ್ಪ ಎತ್ತಿ, ಮೇಲಿನ ಹೆಬ್ಬೆರಳಿಂದ ಮುಂದಿನ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಮೊನೆ ಮೇಲೆ ಇಣುಕುತ್ತದೆ. ಇಣುಕಿದರೆ ಸಾಕು, ಮತ್ತೆ ನಿಲ್ಲಿಸಿ ಒತ್ತಿ. ತೊಟ್ಟಿಲು ತೂಗಿದ ಹಾಗೆ ಸೂಜಿ ಏಳುತ್ತದೆ, ಮಲಗುತ್ತದೆ. ಮೂರು ನಾಲ್ಕು ಹೊಲಿಗೆ ಸೂಜಿಯ ಮೇಲೆ ಸೇರಿದ ಮೇಲೆ ಒಮ್ಮೆಗೆ ಎಳೆಯಿರಿ. ಮಡಿಕೆಗಳು ಸೇರಿ ದಪ್ಪವಾದ ಕಡೆ ಈ ತೂಗಾಟ ನಡೆಯುವುದಿಲ್ಲ. ಅಲ್ಲಿ ಒಂದೊಂದೇ ಹೊಲಿಗೆ, ಸೂಜಿಯನ್ನು ಪೂರ್ತಿ ಕೆಳಗೆ ತೆಗೆದು ಪೂರ್ತಿ ಮೇಲೆ ತರಬೇಕು.

ಮೇಲೆ ಸಮನಾಗಿದ್ದೂ ಬೆನ್ನಿನಲ್ಲಿ ಹೊಲಿಗೆ ಚುಕ್ಕಿಯಷ್ಟೇ ಕಂಡರೆ, ನಡುನಡುವೆ ಕಾಣದೇ ಹೋದರೆ, ಸೂಜಿ ಓರೆಯಾಗಿ ಇಳಿಯುತ್ತಿದೆ ಎಂದರ್ಥ. ಬೇರೆ ಕಾರಣ ಹುಡುಕುವುದು ಬೇಡ. ಪ್ರತಿ ಸಾಲು ಮುಗಿದಾಗ ತಿರುವಿ ನೋಡಿ. ದಾರವನ್ನು ಬಟ್ಟೆಯ ಮೇಲೆ ಕೂರುವವರೆಗೆ ಎಳೆದು ನಿಲ್ಲಿಸಿ, ಆಮೇಲೆ ಹೆಬ್ಬೆರಳಿಂದ ಸಾಲಿನುದ್ದ ಒಮ್ಮೆ ಸವರಿ. ಸವರಿದಾಗ ಬಟ್ಟೆ ಸಪಾಟಾಗಿ ಹರಡಬೇಕು. ಸಾಲಿನ ಎರಡೂ ಬದಿ ಪುಟ್ಟ ನೆರಿಗೆ ನಿಂತರೆ ಎಳೆದದ್ದು ಹೆಚ್ಚಾಯಿತು.

ಗೆರೆ ನೇರ ಬರಲು ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಇಬ್ಬರು ಬಿಗಿ ಹಿಡಿದು ಬಟ್ಟೆಯ ಮೇಲೆ ಮೀಟಿ. ಒಬ್ಬರೇ ಇದ್ದರೆ ಸವೆದ ಸಾಬೂನಿನ ಚೂರಿನಿಂದ ಗೆರೆ ಎಳೆದರಾಯಿತು. ಪೆನ್ನು ಮಾತ್ರ ಬೇಡವೇ ಬೇಡ.

ಅಭ್ಯಾಸವನ್ನು ದೊಡ್ಡ ಕೌದಿಯ ಮೇಲೆ ಮಾಡಬಾರದು. 12 ಇಂಚಿನ ಚೌಕ, ನಾಲ್ಕು ಪದರ, ಬಿಳಿ ಬಟ್ಟೆಗೆ ಕೆಂಪು ದಾರ. ತಪ್ಪು ಕಾಣಲೆಂದೇ ಎದ್ದು ಕಾಣುವ ಬಣ್ಣ. ಮೊದಲ ಎರಡು ಸಾಲಿಗೆ ಇಂಚಿಗೆ ಐದರಂತೆ ಚುಕ್ಕಿ ಹಾಕಿಕೊಂಡು ಹೊಲಿಯಿರಿ, ಮೂರನೆಯದರಿಂದ ಚುಕ್ಕಿ ಬಿಡಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅಳತೆಪಟ್ಟಿ ಇಟ್ಟು ಹತ್ತು ಕಡೆ ಎಣಿಸಿ. ಒಂದು ಕಡೆ 4, ಇನ್ನೊಂದು ಕಡೆ 7 ಬಂದರೆ ಹೊಲಿಗೆ ಸಣ್ಣದು ಮಾಡುವ ಯೋಚನೆ ಬೇಡ. ಎಲ್ಲ ಕಡೆ ಐದೇ ಬರಲಿ, ಅಥವಾ ನಾಲ್ಕೇ ಬರಲಿ. ಸಮ ಬಂದ ಮೇಲೆ ಸಣ್ಣದು ತಾನಾಗಿ ಬರುತ್ತದೆ, ಸಣ್ಣದಕ್ಕೆ ಮೊದಲು ಬಿದ್ದವರಿಗೆ ಸಮ ಬರುವುದು ಬಹಳ ತಡ. ಅಮೆರಿಕದ ಕ್ವಿಲ್ಟುಗಳಲ್ಲಿ ಇಂಚಿಗೆ ಹತ್ತು, ಹನ್ನೆರಡು ಹೊಲಿಗೆ ಇರುವುದನ್ನು ಕಂಡು ನಮ್ಮ ಹುಡುಗಿಯರು ಕುಗ್ಗುತ್ತಾರೆ. ಅಲ್ಲಿಯ ದಾರ ತೆಳು, ಬಟ್ಟೆ ಹೊಸದು. ದಪ್ಪ ದಾರದಲ್ಲಿ ಹಳೆ ಸೀರೆಗೆ ಅಷ್ಟು ಒತ್ತಾಗಿ ಹಾಕಿದರೆ ತೂತಿನ ಸಾಲು ಬಿದ್ದು ಬಟ್ಟೆ ಅಲ್ಲಿಯೇ ಹರಿಯುತ್ತದೆ. ಐದಾರು ಹೊಲಿಗೆಯ ಕೌದಿ ಯಾವುದಕ್ಕೂ ಕಡಿಮೆಯಲ್ಲ.

ಸಾಲುಗಳ ಅಂತರ ಇಡೀ ಕೌದಿಯಲ್ಲಿ ಒಂದೇ ಇರಲಿ. ಪ್ರತಿ ಸಾಲೂ ಬಟ್ಟೆಯನ್ನು ಕೂದಲೆಳೆಯಷ್ಟು ಕುಗ್ಗಿಸುತ್ತದೆ. ನಡುವೆ ಒತ್ತಾಗಿ, ಅಂಚಿನಲ್ಲಿ ವಿರಳವಾಗಿ ಹೊಲಿದರೆ ಅಂಚು ಅಲೆಅಲೆಯಾಗುತ್ತದೆ. ಅಂಚಿನಲ್ಲಿ ಒತ್ತಾದರೆ ನಡು ಉಬ್ಬುತ್ತದೆ. ತಪ್ಪಿದ ಸಾಲು ಬಿಚ್ಚುವಾಗ ಒಂದು ತುದಿ ಹಿಡಿದು ಜಗ್ಗಬೇಡಿ. ನಾಲ್ಕು ಹೊಲಿಗೆಗೊಂದು ಕತ್ತರಿಸಿ, ಬೆನ್ನಿನ ಕಡೆಯಿಂದ ಚೂರುಗಳನ್ನು ಎತ್ತಿ. ಬೆರಳಿಗೆ ಚುಚ್ಚಿ ರಕ್ತದ ಕಲೆಯಾದರೆ ಆಗಲೇ ತಣ್ಣೀರು ಹಚ್ಚಿ. ಬಿಸಿನೀರು ಹಾಕಿದರೆ ಕಲೆ ಅಲ್ಲೇ ನಿಂತುಬಿಡುತ್ತದೆ.

ಕೊನೆಗೆ ಬೆನ್ನಿನ ಪದರದ ಆ ಎರಡು ಇಂಚು. ಒಂದು ಇಂಚು ಮಡಚಿ, ಮತ್ತೆ ಒಂದು ಇಂಚು ಮೇಲಕ್ಕೆ ಮಡಚಿ ಹೊಲಿದರೆ ಹಸಿ ಅಂಚು ಒಳಗೆ ಸೇರುತ್ತದೆ. ಕೈಯಲ್ಲಿ ಹಿಡಿದು ಎಳೆಯುವುದು ಇಲ್ಲಿಯೇ, ಆದ್ದರಿಂದ ಅಂಚಿಗೆ ಎರಡು ಸಾಲು ಹಾಕಿ. ಸಿದ್ದಿಯರ ಕವಂದಿಯಲ್ಲಿ ನಾಲ್ಕು ಮೂಲೆಗೂ ಪದರ ಮಡಚಿದ ತ್ರಿಕೋನದ ತುಂಡುಗಳಿರುತ್ತವೆ, ಫುಲ ಎನ್ನುತ್ತಾರೆ, ಹೂವು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂಬ ಮಾತು ಅವರಲ್ಲಿದೆ.

ಮೊದಲ ಒಗೆತ ತಣ್ಣೀರಿನಲ್ಲಿ, ಒಂದೇ ಕೌದಿ, ಬೇರೆ ಬಟ್ಟೆ ಸೇರಿಸದೆ. ಹಿಂಡಿದರೆ ಪದರಗಳು ಒಂದರ ಮೇಲೊಂದು ತಿರುಚಿ ದಾರ ಕಡಿಯುತ್ತವೆ, ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿಯ ಭಾರವನ್ನು ಒಂದೇ ಹಗ್ಗದ ಮೇಲೆ ಹಾಕಬೇಡಿ. ಒಂದಡಿ ದೂರದಲ್ಲಿ ಎರಡು ಹಗ್ಗ ಕಟ್ಟಿ ಅಡ್ಡ ಹರಡಿ, ಸಾಲುಗಳು ಹಗ್ಗದ ಗುಂಟ ಬೀಳದೆ ಹಗ್ಗವನ್ನು ಅಡ್ಡ ಹಾಯುವಂತೆ. ಒಣಗಿದ ಮೇಲೆ ಅಂಗೈಯಿಂದ ಪೂರ್ತಿ ಸವರಿ ನೋಡಿ. ಸಡಿಲವಾಗಿ ಮೇಲೆದ್ದ ಹೊಲಿಗೆ ಸಿಕ್ಕ ಕಡೆ ಸೀಮೆಸುಣ್ಣದ ಗುರುತು ಹಾಕಿ, ಅದರ ಪಕ್ಕಕ್ಕೇ ಒಂದು ಗೇಣು ಹೊಸ ಸಾಲು ಓಡಿಸಿ.